ಮೊದಲು ಟವರ್, ಆಮೇಲೆ ಸಿಮ್, ಕೊನೆಗೆ ಫೋನ್: ಮಲೆನಾಡಿನವರು ಮೊಬೈಲ್ ಆರಿಸುವ ಕ್ರಮ

ಹೊಸ ಫೋನ್ ತಗೊಳ್ಳುವಾಗ ನಾವು ಸಾಮಾನ್ಯವಾಗಿ ಉಲ್ಟಾ ಹೋಗುತ್ತೇವೆ. ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಅಂಗಡಿಗೆ ಹೋಗಿ ಕ್ಯಾಮೆರಾ ನೋಡಿ ಫೋನ್ ಆರಿಸುತ್ತೇವೆ. ಇದ್ದ ಸಿಮ್ಮನ್ನೇ ಅದಕ್ಕೆ ಹಾಕುತ್ತೇವೆ. ಅಂಗಡಿಯವರು ಹೇಳಿದ ಪ್ಯಾಕಿಗೆ ಕರೆನ್ಸಿ ಹಾಕಿಸಿಕೊಂಡು ಬಸ್ ಹತ್ತುತ್ತೇವೆ. ಮನೆಗೆ ಬಂದ ಮೇಲೆ ಮತ್ತೆ ಅದೇ ಕಥೆ, ರೇಂಜ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಈ ಕ್ರಮ ನಡೆಯುತ್ತದೆ. ಅಲ್ಲಿ ಯಾವ ಸಿಮ್ ಹಾಕಿದರೂ ಒಂದಲ್ಲ ಒಂದು ಟವರ್ ಹತ್ತಿರ ಇರುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನ ಊರುಗಳಲ್ಲಿ ಲೆಕ್ಕ ಬೇರೆ. ಮನೆಗಳು ದೂರ ದೂರ. ಮನೆ ಇರುವುದು ಹೆಚ್ಚಾಗಿ ತಗ್ಗಿನಲ್ಲಿ, ತೋಟದ ಪಕ್ಕದಲ್ಲಿ. ಗುಡ್ಡದ ಹಿಂದೆ ಎರಡು ಕಿಲೋಮೀಟರ್ ದೂರದ ಟವರ್ ಸಿಗದೆ, ಹಿನ್ನೀರಿನ ಆಚೆ ದಡದ ಟವರ್ ಚೆನ್ನಾಗಿ ಹಿಡಿಯುವುದೂ ಉಂಟು. ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕುವುದಿಲ್ಲ ಅಂತ ಹಟ ಹಿಡಿದ ಊರುಗಳು ನಮ್ಮ ಜಿಲ್ಲೆಯಲ್ಲೇ ಇವೆ. ಹಾಗಾಗಿ ಇಲ್ಲಿ ಟವರ್‌ನಿಂದ ಶುರು ಮಾಡಬೇಕು. ಫೋನಿನ ಮಾತು ಆಮೇಲೆ.

ಹೆಜ್ಜೆ 1: ಮನೆಯಲ್ಲಿ ಯಾವುದು ಹಿಡಿಯುತ್ತದೆ ನೋಡಿ

ಇದಕ್ಕೆ ಎಲ್ಲ ಕಂಪನಿಯ ಸಿಮ್ ಬೇಕಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ನೆಟ್‌ವರ್ಕ್ ಆಯ್ಕೆಯಲ್ಲಿ 'ಆಟೋಮ್ಯಾಟಿಕ್' ಆಫ್ ಮಾಡಿ. ಐಫೋನ್‌ನಲ್ಲೂ 'ನೆಟ್‌ವರ್ಕ್ ಸೆಲೆಕ್ಷನ್' ಅಂತ ಇದೇ ಆಯ್ಕೆ ಇದೆ. ಫೋನ್ ಒಂದೆರಡು ನಿಮಿಷ ಹುಡುಕಿ, ನೀವು ನಿಂತ ಜಾಗದಲ್ಲಿ ಸಿಗುವ ಎಲ್ಲ ಕಂಪನಿಗಳ ಹೆಸರನ್ನು ಪಟ್ಟಿ ಮಾಡಿ ತೋರಿಸುತ್ತದೆ. ಜಗಲಿಯಲ್ಲಿ ಒಮ್ಮೆ, ಅಡುಗೆಮನೆಯಲ್ಲಿ ಒಮ್ಮೆ, ತೋಟದಲ್ಲಿ ಒಮ್ಮೆ ಹೀಗೆ ನೋಡಿ. ಪಟ್ಟಿಯಲ್ಲಿ ಹೆಸರೇ ಬರದ ಕಂಪನಿಯನ್ನು ಅಲ್ಲಿಗೇ ಬಿಡಬಹುದು. ಮುಗಿದ ಮೇಲೆ ಮರೆಯದೆ ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿ.

ಹೆಸರು ಬಂದ ಮಾತ್ರಕ್ಕೆ ನೆಟ್ ಓಡುತ್ತದೆ ಅಂತಲ್ಲ. ಆ ಸಿಮ್ ಇರುವ ನೆಂಟರೋ ಪಕ್ಕದ ಮನೆಯವರೋ ಬಂದಾಗ ಅವರ ಫೋನಿನಿಂದ ಒಂದು ಕರೆ ಮಾಡಿ, ಒಂದು ವಿಡಿಯೋ ಹಾಕಿ ನೋಡಿ. ಸಂಜೆ ಏಳರಿಂದ ಹತ್ತರ ಒಳಗೆ ನೋಡುವುದು ಒಳ್ಳೆಯದು. ಬೆಳಿಗ್ಗೆ ಹಾರುವ ನೆಟ್, ಊರಿನವರೆಲ್ಲ ಮನೆ ಸೇರಿದ ಹೊತ್ತಿಗೆ ತೆವಳುತ್ತದೆ.

ಮೇಲೆ ಕಾಣುವ ಕಡ್ಡಿಗಳನ್ನು ಪೂರ್ತಿ ನಂಬಬೇಡಿ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಎರಡಾಗಿರಬಹುದು. ನಿಜವಾದ ಅಂಕಿ ಡಿಬಿಎಂ (dBm) ಅನ್ನುವ, ಸಿಗ್ನಲ್ಲಿನ ಬಲ ಅಳೆಯುವ ಮಾನದಲ್ಲಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ನೋಡಿ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಬಟನ್ ಒತ್ತಿ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105 ಆದರೆ ಹೇಗೋ ನಡೆಯುತ್ತದೆ. ಮೈನಸ್ 115 ದಾಟಿದರೆ ಮಾತು ಕತ್ತರಿಸಿ ಕತ್ತರಿಸಿ ಬರುತ್ತದೆ. ಮೈನಸ್ ಚಿಹ್ನೆ ಬಿಟ್ಟು ನೋಡಿದರೆ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು.

ಇನ್ನೊಂದು ಪ್ರಶ್ನೆಯನ್ನು ಊರಿನವರ ಹತ್ತಿರವೇ ಕೇಳಬೇಕು. ಕರೆಂಟು ಹೋಗಿ ಅರ್ಧ ದಿನ ಆದ ಮೇಲೆ ಯಾವ ಟವರ್ ಉಳಿದಿರುತ್ತದೆ? ನನಗೆ ಕೇಳಿದರೆ, ಮಲೆನಾಡಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಪುಷ್ಯ ಮಳೆಯಲ್ಲಿ ಮರ ಬಿದ್ದು ಲೈನ್ ಹರಿದರೆ ಒಳಗಿನ ಊರುಗಳಿಗೆ ಕರೆಂಟು ಬರುವುದು ದಿನಗಟ್ಟಲೆ ತಡ. ಟವರ್‌ನ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ಆಮೇಲೆ ಜನರೇಟರ್ ಇದ್ದು, ಅದಕ್ಕೆ ಡೀಸೆಲ್ ಹಾಕುವವರಿದ್ದರೆ ಮಾತ್ರ ಅದು ಉಳಿಯುತ್ತದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಹಾಲಿನ ಡೇರಿಯವರು, ಆಟೋದವರು, ಲೈನ್‌ಮ್ಯಾನ್ ಹೇಳುತ್ತಾರೆ.

ಕಂಪನಿಗಳು ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡಿದೆ. ನೋಡಲು ಅಡ್ಡಿಯಿಲ್ಲ. ಶಿಕಾರಿಪುರದ ಬಯಲಿಗೆ ಆ ನಕ್ಷೆ ಸರಿಯಾಗಿಯೇ ಇರಬಹುದು. ನಿಟ್ಟೂರು, ಕೋಗಾರು, ಆಗುಂಬೆ ಕಡೆಯ ಮಡಿಕೆ ಗುಡ್ಡಗಳಲ್ಲಿ ಅದನ್ನು ಅಂದಾಜು ಅಂತ ಮಾತ್ರ ತಿಳಿಯಿರಿ.

ಹೆಜ್ಜೆ 2: ಬ್ಯಾಂಡ್ ಅಂದರೇನು ಅಂತ ಸ್ವಲ್ಪ ತಿಳಿದುಕೊಳ್ಳಿ

ತಾಂತ್ರಿಕ ವಿಷಯ ಅಂತ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಟವರ್ ಬೇರೆ ಬೇರೆ ತರಂಗಗಳಲ್ಲಿ ಮಾತಾಡುತ್ತದೆ. ಒಂದೊಂದು ತರಂಗದ ಪಟ್ಟಿಗೆ ಬ್ಯಾಂಡ್ ಅನ್ನುತ್ತಾರೆ, ಅದಕ್ಕೊಂದು ನಂಬರ್ ಇರುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ. ಮರ, ಗೋಡೆ ದಾಟಿ ಒಳಗೆ ಬರುತ್ತವೆ. 2300, 3500ರಂಥ ಮೇಲಿನ ತರಂಗಗಳಲ್ಲಿ ವೇಗ ಜಾಸ್ತಿ, ಆದರೆ ದೂರ ಕಡಿಮೆ. ಒಂದು ಅಡಿಕೆ ತೋಟ ದಾಟುವಷ್ಟರಲ್ಲಿ ಸೊರಗುತ್ತವೆ. ಶಿವಮೊಗ್ಗ ಪೇಟೆಯಲ್ಲಿ 5ಜಿ ಭರ್ರನೆ ಓಡಿ, ಮಂಡಗದ್ದೆ ದಾಟಿದ ಮೇಲೆ ಅದೇ ಫೋನ್ 4ಜಿಗೆ ಇಳಿದರೆ ಫೋನ್ ಕೆಟ್ಟಿದೆ ಅಂತ ತಿಳಿಯಬೇಡಿ.

ಜಿಯೋ 4ಜಿಗೆ 850, 1800, 2300ನ್ನೂ 5ಜಿಗೆ 700 ಮತ್ತು 3500ನ್ನೂ ಬಳಸುತ್ತದೆ. ಏರ್‌ಟೆಲ್ ಹತ್ತಿರ 900 ಇದೆ, ಅದರ 5ಜಿ ಮುಖ್ಯವಾಗಿ 3500ರಲ್ಲಿ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಅಧಿಕೃತವಾಗಿ ಶುರು ಮಾಡಿತು. ಅದು 700 ಮತ್ತು 2100ರಲ್ಲಿ ಬರುತ್ತದೆ. ಫೋನ್ ಕೊಳ್ಳುವಾಗ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ. ಫೋನಿನ ವಿವರದಲ್ಲಿ 4ಜಿ ಬ್ಯಾಂಡ್ 1, 3, 5, 8, 28, 40 ಇವೆಯಾ, 5ಜಿಗೆ ಎನ್28 ಮತ್ತು ಎನ್78 ಇವೆಯಾ ಅಂತ ನೋಡಿ. 28 ಅಂದರೆ 700 ಮೆಗಾಹರ್ಟ್ಸ್. ಬಿಎಸ್‌ಎನ್‌ಎಲ್ ನಂಬಿರುವವರಿಗೆ ಬ್ಯಾಂಡ್ 28 ಇಲ್ಲದ ಹಳೇ ಫೋನ್ ಇದ್ದರೆ ಅರ್ಧ ಸಿಗ್ನಲ್ ಬಿಟ್ಟುಕೊಟ್ಟಂತೆ. ಹಳೇ 2ಜಿ, 3ಜಿ ಸಿಮ್ ಇದ್ದರೆ ಅದನ್ನೂ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು.

ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ಎದ್ದ ಟವರ್‌ಗಳಲ್ಲಿ 2025ರ ಜನವರಿಯಿಂದ ಒಂದು ಅನುಕೂಲ ಬಂದಿದೆ. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಮೂರೂ ಅಂಥ ಟವರ್‌ಗಳನ್ನು ಹಂಚಿಕೊಳ್ಳುವ ವ್ಯವಸ್ಥೆ ಅದು. ನಿಮ್ಮೂರಿನಲ್ಲಿ ಅಂಥ ಟವರ್ ಇದ್ದರೆ ಇನ್ನೊಂದು ಕಂಪನಿಯ ಸಿಮ್ ಕೂಡ ಹಿಡಿಯಬಹುದು.

ಹೆಜ್ಜೆ 3: ಮನೆಗೆ ಫೈಬರ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ

ನಮ್ಮ ಕಡೆ ಎಷ್ಟೋ ಮನೆಗಳಿಗೆ ಈಗ ಫೈಬರ್ ಬಂದಿದೆ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮಾಳಿಗೆಯಲ್ಲಿ ಕೂತು ಮಾಡುತ್ತಾಳೆ, ಆದರೆ ಅಪ್ಪ ಒಂದು ಕರೆ ಮಾಡಬೇಕೆಂದರೆ ಗುಡ್ಡ ಹತ್ತುತ್ತಾರೆ. ಇಂಥ ಮನೆಗಳಿಗೆ ಸಿಮ್ ಬದಲಿಸುವುದೇ ಬೇಕಿಲ್ಲದಿರಬಹುದು.

ವೈಫೈ ಕಾಲಿಂಗ್ ಅಂದರೆ ವಾಟ್ಸ್ಆ್ಯಪ್ ಕರೆ ಅಲ್ಲ. ನಿಮ್ಮ ಮಾಮೂಲಿ ನಂಬರಿಗೆ ಬರುವ ಮಾಮೂಲಿ ಕರೆಯೇ ಟವರ್ ಬದಲು ಮನೆಯ ವೈಫೈ ಮೂಲಕ ಬರುತ್ತದೆ. ಆ ಕಡೆಯವರ ಹತ್ತಿರ ಬಟನ್ ಫೋನ್ ಇದ್ದರೂ ಆಗುತ್ತದೆ. ಜಿಯೋ ಮತ್ತು ಏರ್‌ಟೆಲ್ 2020ರ ಹೊತ್ತಿಗೇ ಇದನ್ನು ಕೊಡಲು ಶುರು ಮಾಡಿದವು. ಬೇರೆ ಯಾರದೇ ಫೈಬರ್ ಆದರೂ ನಡೆಯುತ್ತದೆ. ಬೇರೆ ಸಿಮ್ ಇರುವವರು ತಮ್ಮ ಕಂಪನಿಯಲ್ಲಿ ಈ ಸೌಲಭ್ಯ ಇದೆಯಾ ಅಂತ ಕೇಳಿಕೊಳ್ಳಬೇಕು. ಐಫೋನ್‌ಗಳಲ್ಲಿ ಮತ್ತು ಈಚಿನ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ 'ವೈಫೈ ಕಾಲಿಂಗ್' ಅಂತ ಇರುತ್ತದೆ. ಆನ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಮತ್ತೆ ಆನ್ ಮಾಡಿ ಒಂದು ಕರೆ ಮಾಡಿ. ಹೋದರೆ ಗೆದ್ದಿರಿ. ಅದೇ ಸ್ಥಿತಿಯಲ್ಲಿ ಬ್ಯಾಂಕಿನ ಒಟಿಪಿ ಬರುತ್ತದಾ ಅಂತಲೂ ಒಮ್ಮೆ ಪರೀಕ್ಷೆ ಮಾಡಿ.

ಕರೆಂಟು ಹೋದಾಗ ರೂಟರ್ ಆರಬಾರದು ಅಂದರೆ ಅದಕ್ಕೊಂದು ಪುಟ್ಟ 12 ವೋಲ್ಟ್ ಯುಪಿಎಸ್ ಬೇಕು. ಹೆಚ್ಚು ಬೆಲೆ ಇಲ್ಲ, ಕೆಲವು ಗಂಟೆ ಬರುತ್ತದೆ. ಆದರೆ ಮರ ಬಿದ್ದು ಫೈಬರೇ ತುಂಡಾದರೆ ಯುಪಿಎಸ್ ಏನೂ ಮಾಡಲಾಗದು.

ಇಲ್ಲೇ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರಲ್ಲ, ಅದನ್ನು ಅನುಮತಿ ಇಲ್ಲದೆ ಮನೆಗೆ ಹಾಕುವುದು ಕಾನೂನಿಗೆ ವಿರುದ್ಧ. ಅದರಿಂದ ಸುತ್ತಲಿನವರ ನೆಟ್‌ವರ್ಕ್ ಕೂಡ ಹಾಳಾಗುತ್ತದೆ. ಸುಮ್ನೆ ದುಡ್ಡು ಕಳೆಯಬೇಡಿ.

ಹೆಜ್ಜೆ 4: ನಿಜವಾಗಿ ಎಷ್ಟು ಡೇಟಾ ಬೇಕು?

ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ಯೂಸೇಜ್' ತೆರೆದು ಹೋದ ತಿಂಗಳು ಎಷ್ಟು ಖರ್ಚಾಯಿತು ನೋಡಿ. ಅದನ್ನು 30ರಿಂದ ಭಾಗಿಸಿ. ಮನೆಯಲ್ಲಿ ವೈಫೈ ಇರುವವರಿಗೆ ಈ ಅಂಕಿ ನೋಡಿ ಆಶ್ಚರ್ಯವಾಗಬಹುದು. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡು ಕಾಲು ಜಿಬಿಯೂ ಮುಟ್ಟದವರು ತುಂಬ ಜನ. ರಾತ್ರಿ ಹನ್ನೆರಡಕ್ಕೆ ಉಳಿದದ್ದು ಹೋಗುತ್ತದೆ, ಮರುದಿನಕ್ಕೆ ಸೇರುವುದಿಲ್ಲ.

ವಿಡಿಯೋ ಒಂದೇ ಡೇಟಾ ತಿನ್ನುವ ದೊಡ್ಡ ಬಾಯಿ. 480 ಗುಣಮಟ್ಟದಲ್ಲಿ ಯೂಟ್ಯೂಬ್ ನೋಡಿದರೆ ಗಂಟೆಗೆ ಅರ್ಧ ಜಿಬಿ ಆಸುಪಾಸು ಹೋಗುತ್ತದೆ. ಎಚ್‌ಡಿಗೆ ಹೋದರೆ ಅದರ ಎರಡು ಮೂರು ಪಟ್ಟು. ವಾಟ್ಸ್ಆ್ಯಪ್ ಮಾತು, ಅಡಿಕೆ ಧಾರಣೆ ನೋಡುವುದು, ಫೋನ್‌ಪೇ, ಪಹಣಿ ತೆಗೆಯುವುದು ಇವೆಲ್ಲ ಸೇರಿದರೂ ವಿಡಿಯೋ ಮುಂದೆ ಲೆಕ್ಕಕ್ಕಿಲ್ಲ. ದಿನದ ಕೋಟಾ ಮುಗಿದರೆ ಸಾಮಾನ್ಯವಾಗಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಬರೆದ ಮೆಸೇಜ್ ಹೋಗುತ್ತದೆ, ಫೋಟೋ ಹೋಗಲು ಒದ್ದಾಡುತ್ತದೆ.

ಹೆಜ್ಜೆ 5: ಪ್ಯಾಕ್ ಅನ್ನು ದಿನದ ಲೆಕ್ಕದಲ್ಲಿ ಹೋಲಿಸಿ

ಪ್ಯಾಕಿನ ಬೆಲೆಗಳು ಬದಲಾಗುತ್ತಲೇ ಇರುತ್ತವೆ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ ಮೂರೂ ಖಾಸಗಿ ಕಂಪನಿಗಳು ಒಟ್ಟಿಗೇ ದರ ಏರಿಸಿದ್ದು ನೆನಪಿರಬಹುದು. ಹಾಗಾಗಿ ಇಲ್ಲಿ ಬೆಲೆ ಬರೆಯುವುದಕ್ಕಿಂತ ಲೆಕ್ಕ ಹಾಕುವ ರೀತಿ ಹೇಳುತ್ತೇನೆ.

28 ದಿನದ ಪ್ಯಾಕ್ ತಿಂಗಳ ಪ್ಯಾಕ್ ಅಲ್ಲ. ವರ್ಷಕ್ಕೆ 12 ಸಲ ಅಂದುಕೊಂಡರೆ 13 ಸಲ ಹಾಕಿಸಬೇಕಾಗುತ್ತದೆ. 300 ರೂಪಾಯಿಯ ಪ್ಯಾಕ್ ಅಂತಿಟ್ಟುಕೊಳ್ಳಿ. 3,600 ಅಂದುಕೊಂಡದ್ದು 3,900 ಆಗುತ್ತದೆ. 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳೂ ಅದೇ ತಾರೀಖಿಗೆ ಹಾಕಿಸುವ ಪ್ಯಾಕ್ ತಲಾ ಒಂದಾದರೂ ಇರಲೇಬೇಕು ಅಂತ 2022ರ ಜನವರಿಯಲ್ಲೇ ಟ್ರಾಯ್ ಹೇಳಿದೆ. ಆಪ್‌ನಲ್ಲಿ ಕೆಳಗೆಲ್ಲೋ ಇರುತ್ತದೆ, ಹುಡುಕಬೇಕು. ಯಾವುದೇ ಪ್ಯಾಕ್ ಆಗಲಿ, ಬೆಲೆಯನ್ನು ದಿನಗಳಿಂದ ಭಾಗಿಸಿ ದಿನಕ್ಕೆಷ್ಟು ಬಿತ್ತು ಅಂತ ನೋಡಿ. ಆಗ 28, 56, 84, 365 ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡಬಹುದು. ಅಡಿಕೆ ದುಡ್ಡು ಕೈಗೆ ಬಂದ ಹೊತ್ತಿನಲ್ಲಿ ವರ್ಷದ ಪ್ಯಾಕ್ ಹಾಕಿಬಿಡುವುದು ಕೆಲವರಿಗೆ ಅನುಕೂಲ. ಆದರೆ ಆ ಕಂಪನಿಯ ಟವರ್ ಒಂದು ಮಳೆಗಾಲ ದಾಟಿದ್ದನ್ನು ನೋಡದೆ ವರ್ಷಕ್ಕೆ ಕಟ್ಟಿಹಾಕಿಕೊಳ್ಳಬೇಡಿ. ಮಧ್ಯದಲ್ಲಿ ಪೋರ್ಟ್ ಆದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರೆ, ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ.

ಮನೆಯ ಅಜ್ಜಿ ಬಟನ್ ಫೋನ್ ಇಟ್ಟುಕೊಂಡಿದ್ದಾರಾ? ಅವರಿಗೆ ಡೇಟಾ ಪ್ಯಾಕ್ ಯಾಕೆ? 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತಂದ ನಿಯಮದ ಪ್ರಕಾರ ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು. ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ನೀವೇ 'ವಾಯ್ಸ್ ಓನ್ಲಿ ಪ್ಯಾಕ್' ಅಂತ ಕೇಳಿ. ಮನೆಯಲ್ಲಿ ವೈಫೈ ಇದ್ದು ಹೊರಗೆ ಓಡಾಡುವುದು ಕಡಿಮೆ ಇರುವ ಅಪ್ಪ ಅಮ್ಮನಿಗೂ ಇದೇ ಸಾಕಾಗಬಹುದು. ಹಳೇ 2ಜಿ ಬಟನ್ ಫೋನಿಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ, ಅವರಲ್ಲಿ 2ಜಿ ಇಲ್ಲ. ಜಿಯೋಭಾರತ್ ಬಟನ್ ಫೋನಿನಲ್ಲಿ ಜಿಯೋ ಬಿಟ್ಟು ಬೇರೆ ಸಿಮ್ ಕೆಲಸ ಮಾಡುವುದಿಲ್ಲ. ಎರಡನ್ನೂ ಕೊಳ್ಳುವ ಮೊದಲೇ ಯೋಚಿಸಿ.

'ಅನ್‌ಲಿಮಿಟೆಡ್ 5ಜಿ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. 2024ರ ದರ ಏರಿಕೆಯ ನಂತರ ಜಿಯೋ, ಏರ್‌ಟೆಲ್ ಎರಡೂ ಇದನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಯಾಕ್‌ಗಳಿಗೆ ಸೇರಿಸಿದವು. ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿ ಓದುವ ಹುಡುಗನಿಗೆ ಲಾಭ. ಊರಿನಲ್ಲಿ 4ಜಿ ಮಾತ್ರ ಸಿಗುವ ಅವನ ಅಪ್ಪನಿಗೆ ಅದೇ ಪ್ಯಾಕ್ ದಂಡ. ಮನೆಯವರೆಲ್ಲ ಒಂದೇ ಪ್ಯಾಕ್ ಹಾಕಿಸಬೇಕು ಅಂತ ಏನಿಲ್ಲವಲ್ಲ.

ಹೆಜ್ಜೆ 6: ಎರಡು ಸಿಮ್, ಎರಡು ಬೇರೆ ಕಂಪನಿ

ಒಂದೇ ಕಂಪನಿಯ ಎರಡು ಸಿಮ್ ಇಟ್ಟುಕೊಂಡರೆ ಆ ಟವರ್ ಬಿದ್ದಾಗ ಎರಡೂ ಬೀಳುತ್ತವೆ. ಮನೆಯಲ್ಲಿ ಚೆನ್ನಾಗಿ ಹಿಡಿಯುವುದು ಒಂದು, ಪೇಟೆಯಲ್ಲೂ ದಾರಿಯಲ್ಲೂ ಚೆನ್ನಾಗಿರುವುದು ಇನ್ನೊಂದು, ಹೀಗೆ ಇಟ್ಟುಕೊಳ್ಳಿ. ಎರಡನೆಯದಕ್ಕೆ ಕಡಿಮೆ ಪ್ಯಾಕ್ ಸಾಕು. ಆದರೆ ಅದನ್ನು ಮರೆತೇಬಿಡಬೇಡಿ. 90 ದಿನ ಏನೂ ಬಳಸದಿದ್ದರೆ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು. ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೊಂದು 30 ದಿನ ಉಳಿಸುತ್ತಾರೆ. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ನಂಬರ್ ಅದೇ ಆಗಿದ್ದರೆ ಆಮೇಲೆ ಓಡಾಟ ತಪ್ಪಿದ್ದಲ್ಲ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಒಬ್ಬರಿಗೆ ಒಂಬತ್ತರ ಮಿತಿ ಇದೆ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ.

ಹೆಜ್ಜೆ 7: ಈಗ ಫೋನ್. ಆಂಡ್ರಾಯ್ಡಾ, ಐಫೋನಾ?

ನೆಟ್‌ವರ್ಕ್ ಹಿಡಿಯುವ ವಿಷಯದಲ್ಲಿ 'ಐಫೋನ್ ಜಾಸ್ತಿ ಹಿಡಿಯುತ್ತದೆ' ಅಂತಲೋ 'ಆಂಡ್ರಾಯ್ಡ್ ಜಾಸ್ತಿ ಹಿಡಿಯುತ್ತದೆ' ಅಂತಲೋ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಡೆಲ್ ಮೇಲೆ, ಬ್ಯಾಂಡ್ ಮೇಲೆ ಹೋಗುತ್ತದೆ. ನೋಡಬೇಕಾದ್ದು ಬೇರೆ.

ಬ್ಯಾಟರಿ ಮೊದಲು. ರೇಂಜ್ ಕಡಿಮೆ ಇರುವ ಜಾಗದಲ್ಲಿ ಫೋನ್ ಟವರ್ ಮುಟ್ಟಲು ಜಾಸ್ತಿ ಶಕ್ತಿ ಹಾಕುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಪೇಟೆಯಲ್ಲಿ ಸಂಜೆವರೆಗೆ ಬರುವ ಫೋನ್ ತೋಟದಲ್ಲಿ ಮಧ್ಯಾಹ್ನಕ್ಕೇ ಸಾಯಬಹುದು. ಕಡಿಮೆ ಬೆಲೆಯ ಆಂಡ್ರಾಯ್ಡ್‌ಗಳಲ್ಲೂ 5,000 ಎಂಎಎಚ್ ಬ್ಯಾಟರಿ ಈಗ ಮಾಮೂಲಿ. ನಮ್ಮ ಕಡೆಗೆ ಇದು ದೊಡ್ಡ ಗುಣ.

ಆಮೇಲೆ ಮಳೆ. ಫೋನ್ ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಐಪಿ ಅಂಕಿ ಹೇಳುತ್ತದೆ. ಐಪಿ68 ಇದ್ದರೆ ನೀರಿಗೆ ಬಿದ್ದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಐಪಿ54 ಅಂದರೆ ಹನಿ ತಡೆಯುತ್ತದೆ, ಅಷ್ಟೇ. ಈಚಿನ ಎಲ್ಲ ಐಫೋನ್‌ಗಳಲ್ಲಿ ಐಪಿ67 ಅಥವಾ ಐಪಿ68 ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಬೆಲೆ ನೋಡಿಕೊಂಡು ಬೇರೆ ಬೇರೆ. ಯಾವುದೇ ಇರಲಿ, ಒದ್ದೆ ಚಾರ್ಜಿಂಗ್ ತೂತಿಗೆ ಕೇಬಲ್ ಚುಚ್ಚಬೇಡಿ.

ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಅನ್ನುವುದು ಮೂರನೆಯದು. ಬ್ಯಾಂಕ್ ಆಪ್‌ಗಳು ತೀರಾ ಹಳೇ ಫೋನಿನಲ್ಲಿ ನಡೆಯುವುದನ್ನು ನಿಲ್ಲಿಸುತ್ತವೆ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷದ ಭರವಸೆ ಇದೆ. ಸ್ಯಾಮ್‌ಸಂಗ್ ಎ16 5ಜಿಯಂಥ ಕಡಿಮೆ ಬೆಲೆಯದಕ್ಕೂ ಆರು ವರ್ಷ ಹೇಳಿದ್ದಾರೆ. ಐಫೋನ್‌ಗಳಿಗೆ ಅಪ್‌ಡೇಟ್ ತುಂಬ ವರ್ಷ ಬರುವುದು ಮೊದಲಿನಿಂದಲೂ ರೂಢಿ. ಬೇರೆ ಅಗ್ಗದ ಫೋನ್‌ಗಳಲ್ಲಿ ಎರಡು ವರ್ಷಕ್ಕೇ ಮುಗಿಯುವುದೂ ಇದೆ, ಕೇಳಿಯೇ ಕೊಳ್ಳಿ.

ಕನ್ನಡ ಕೀಬೋರ್ಡ್ ಎರಡರಲ್ಲೂ ಇದೆ. ಬರೆಯಲು ಬೇಸರವಾಗುವ ಹಿರಿಯರಿಗೆ ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುವ ಸೌಲಭ್ಯ ಚೆನ್ನಾಗಿದೆ. ನಿಮಗೆ ಬೇಕಾದ ಸರ್ಕಾರಿ ಆಪ್ ಐಫೋನ್‌ಗೂ ಬರುತ್ತದಾ ಅಂತ ಮೊದಲೇ ಆಪ್ ಸ್ಟೋರ್‌ನಲ್ಲಿ ಹುಡುಕಿ ನೋಡಿ. ಕೆಟ್ಟರೆ ಸರ್ವೀಸ್ ಸೆಂಟರ್ ಶಿವಮೊಗ್ಗದಲ್ಲೇ ಇದೆಯಾ, ಇಲ್ಲಾ ಬೆಂಗಳೂರಿಗೆ ಕಳಿಸಬೇಕಾ ಅನ್ನುವುದನ್ನೂ ಕಂಪನಿಯ ಜಾಲತಾಣದಲ್ಲಿ ನೋಡಿ.

ಅಮೆರಿಕದಿಂದ ಮಗ ತಂದ ಐಫೋನ್ ಅಂದರೆ ಖುಷಿ, ಸರಿ. ಆದರೆ ಐಫೋನ್ 14ರಿಂದ ಅಲ್ಲಿನ ಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನ ಒಳಗೇ ಕೂತಿರುವ ಇ-ಸಿಮ್ ಮಾತ್ರ. ಇ-ಸಿಮ್ ಕೆಟ್ಟದ್ದೇನಲ್ಲ. ಆದರೆ ಮಳೆಯ ರಾತ್ರಿ ಫೋನ್ ಸತ್ತರೆ, ಸಿಮ್ ತೆಗೆದು ಪಕ್ಕದ ಮನೆಯವರ ಫೋನಿಗೆ ಹಾಕಲು ಆಗುವುದಿಲ್ಲ. ಹೊಸ ಫೋನಿಗೆ ತರಲು ಮೊದಲು ನೆಟ್ ಬೇಕು. ಒಳಗಿನ ಊರಿನವರಿಗೆ ಒಂದಾದರೂ ಪ್ಲಾಸ್ಟಿಕ್ ಸಿಮ್ ಇರಲಿ ಅಂತ ನನ್ನ ಸಲಹೆ. ಐಫೋನಿನ ಉಪಗ್ರಹ ತುರ್ತು ಕರೆಯನ್ನು ನಂಬಿ ಕೊಡಚಾದ್ರಿ ಕಾಡಿಗೆ ಹೊರಡಬೇಡಿ, ಭಾರತದಲ್ಲಿ ಅದು ಶುರುವಾಗಿಲ್ಲ. ನಿಮ್ಮ ಸಿಮ್‌ಗೆ ರೇಂಜ್ ಇಲ್ಲದಿದ್ದರೂ 112ಕ್ಕೆ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು, ಅದನ್ನು ನೆನಪಿಡಿ.

5ಜಿ ಇಲ್ಲದ ಊರಿನಲ್ಲಿ ಇದ್ದುಕೊಂಡು 5ಜಿಗೆಂದೇ ಜಾಸ್ತಿ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಆ ದುಡ್ಡಿಗೆ ದೊಡ್ಡ ಬ್ಯಾಟರಿ, 128 ಜಿಬಿ ಜಾಗ ಮತ್ತು ವೈಫೈ ಕಾಲಿಂಗ್ ಇರುವ ಫೋನ್ ನೋಡಿ.

ಹೆಜ್ಜೆ 8: ಪೋರ್ಟ್ ಮಾಡಿಸುವುದು

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಾದ್ಯಂತ 2011ರ ಜನವರಿಯಿಂದ ಇದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ಕಟ್ಟಿರಬೇಕು. ಪೋರ್ಟ್ ಅಂತ ಇಂಗ್ಲಿಷ್ ಅಕ್ಷರದಲ್ಲಿ (PORT) ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಚೆಗೆ ಸಿಮ್ ಕಳೆದು ಬದಲಿ ಸಿಮ್ ತಗೊಂಡಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಈ ನಿಯಮ 2024ರ ಜುಲೈನಿಂದ ಬಂದಿದೆ.

ಕರ್ನಾಟಕದ ಒಳಗೆ ಪೋರ್ಟ್ ಆಗಲು ಮೂರು ಕೆಲಸದ ದಿನ ಸಾಕು. ಹಳೇ ಸಿಮ್ ಸತ್ತ ಮೇಲೆ ಹೊಸದನ್ನು ಹಾಕಿ. ಇವೆಲ್ಲವನ್ನೂ ರೇಂಜ್ ಇರುವ ಜಾಗದಲ್ಲಿ ಮಾಡಿ, ಇಲ್ಲದಿದ್ದರೆ ಕೋಡ್ ಬರುವ ಎಸ್‌ಎಂಎಸ್‌ಗೇ ಕಾಯುತ್ತಾ ಕೂರಬೇಕಾಗುತ್ತದೆ. ಶುಕ್ರವಾರ ಸಂಜೆ ಶುರು ಮಾಡಬೇಡಿ. ಪೋರ್ಟ್ ಆಗುವ ದಿನ ದೊಡ್ಡ ಹಣ ವರ್ಗಾವಣೆ ಇಟ್ಟುಕೊಳ್ಳಬೇಡಿ.

ಆಮೇಲೂ ನೆಟ್‌ವರ್ಕ್ ಸರಿಯಿಲ್ಲದಿದ್ದರೆ 198ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಇಸಿದುಕೊಳ್ಳಿ. ಆ ಸಂಖ್ಯೆ ಇದ್ದರೆ ಮಾತ್ರ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಟ್ರಾಯ್‌ಗೆ ನೇರವಾಗಿ ಬರೆದರೆ ಒಬ್ಬೊಬ್ಬರ ದೂರನ್ನು ಅವರು ಬಗೆಹರಿಸುವುದಿಲ್ಲ.